ಇಬ್ಬರೇ ನಟರ ಏಕಾಂಕ: ಹಳೆಯ ಪರಿಚಿತರ ಮರುಭೇಟಿಯಲ್ಲಿ ಹಿಂದಿನ ಕಥೆಯನ್ನು ರಂಗಕ್ಕೆ ತರುವುದು ಹೇಗೆ?

ಪ್ರಶ್ನೆ: ಹೊಸ ಬರಹಗಾರ

ನಮಸ್ಕಾರ. ಐವತ್ತು ದಾಟಿದ ಇಬ್ಬರು ಕಲಾವಿದರಿಗೆಂದು ಸುಮಾರು 40 ನಿಮಿಷಗಳ ಏಕಾಂಕವೊಂದನ್ನು ಬರೆಯುತ್ತಿದ್ದೇನೆ. ಒಂದು ಕಾಲದಲ್ಲಿ ಪಾಲುದಾರರಾಗಿ ವ್ಯಾಪಾರ ನಡೆಸಿ, ಜಗಳವಾಡಿ ಬೇರೆಯಾದ ಇಬ್ಬರು ಗೆಳೆಯರು ಬಹುಕಾಲದ ನಂತರ ಎದುರಾಗುತ್ತಾರೆ ಎಂಬುದಷ್ಟೇ ವಸ್ತು. ತೊಡಕಿರುವುದು ಸಂಭಾಷಣೆಯಲ್ಲಿ. ಇಬ್ಬರಿಗೂ ಗೊತ್ತಿರುವ ಸಂಗತಿಯನ್ನು ಪ್ರೇಕ್ಷಕರ ಸಲುವಾಗಿ ಒಬ್ಬರಿಗೊಬ್ಬರು ಹೇಳಿಕೊಳ್ಳುವಂತಾಗಿ, ಪ್ರತಿ ಪುಟದಲ್ಲೂ “ನೆನಪಿದೆಯಾ, ಆ ದಿನ ನಾವಿಬ್ಬರೂ…” ಎಂಬ ಮಾತುಗಳೇ ತುಂಬಿಕೊಂಡಿವೆ. ನಿರೂಪಕನನ್ನಾಗಲಿ, ಫ್ಲ್ಯಾಶ್‌ಬ್ಯಾಕ್ ದೃಶ್ಯಗಳನ್ನಾಗಲಿ ತರುವ ಇಚ್ಛೆ ನನಗಿಲ್ಲ. ಇಂಥ ವಸ್ತುವನ್ನು ಚೆನ್ನಾಗಿ ನಿಭಾಯಿಸಿದ ನಾಟಕಗಳು ಯಾವುವು, ಅವು ಈ ತೊಡಕನ್ನು ಹೇಗೆ ದಾಟಿವೆ ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ನೇಪಥ್ಯ

ಇಬ್ಬರಿಗೂ ಗೊತ್ತಿರುವುದನ್ನು ಇದ್ದಂತೆಯೇ ಹೇಳಿಕೊಂಡರೆ ಅದು ವರದಿಯಾಗುತ್ತದೆ. ಅದನ್ನೇ ಒಬ್ಬರು ತಿರುಚಿ ಹೇಳಿದರೆ ಇನ್ನೊಬ್ಬರು ಸುಮ್ಮನಿರಲಾರರು, ನಾಟಕ ಹುಟ್ಟುವುದು ಅಲ್ಲಿ. ಸ್ಪೇನಿನ ಕ್ವಿಂಟೆರೊ ಸಹೋದರರು 1905ರಲ್ಲಿ ಬರೆದ, ಇಂಗ್ಲಿಷಿನಲ್ಲಿ ‘ಎ ಸನ್ನಿ ಮಾರ್ನಿಂಗ್’ ಎಂದು ಪ್ರಸಿದ್ಧವಾಗಿರುವ ಏಕಾಂಕವನ್ನು ಮೊದಲು ಓದಿ. ಮ್ಯಾಡ್ರಿಡ್‌ನ ಉದ್ಯಾನವೊಂದರ ಬೆಂಚಿನ ವಿಚಾರಕ್ಕೆ ಜಗಳವಾಡುವ ವೃದ್ಧ ಮತ್ತು ವೃದ್ಧೆಗೆ, ಮಾತು ಬೆಳೆದಂತೆ ತಾವು ಯೌವನದಲ್ಲಿ ಪ್ರೀತಿಸಿ ಅಗಲಿದವರೆಂಬುದು ಹೊಳೆಯುತ್ತದೆ. ಆದರೆ ಇಬ್ಬರೂ ಅದನ್ನು ಒಪ್ಪಿಕೊಳ್ಳುವುದಿಲ್ಲ. ಆಕೆ ತನ್ನ ಕಥೆಯನ್ನು ಗೆಳತಿಯೊಬ್ಬಳದೆಂದೂ ಆತ ತನ್ನದನ್ನು ಬಂಧುವೊಬ್ಬನದೆಂದೂ ಹೇಳುತ್ತಾ, ಆ ಪ್ರೇಮಿಗಳಿಗೆ ಒಂದೊಂದು ಭವ್ಯವಾದ ಸಾವನ್ನೂ ಕಟ್ಟುತ್ತಾರೆ: ಅವಳು ಸಮುದ್ರದ ಪಾಲಾದಳಂತೆ, ಅವನು ಆಫ್ರಿಕಾದ ಯುದ್ಧದಲ್ಲಿ ಮಡಿದನಂತೆ. ಪ್ರೇಕ್ಷಕರಿಗೆ ಹಿಂದಿನ ಕಥೆ ಪೂರ್ತಿಯಾಗಿ ದಕ್ಕುತ್ತದೆ, ಅದೂ ಸುಳ್ಳಿನ ಮೂಲಕ. ಇಬ್ಬರು ಸೇವಕರ ಸಣ್ಣ ಪಾತ್ರಗಳಿರುವುದರಿಂದ ಅದು ಅಕ್ಷರಶಃ ಇಬ್ಬರ ನಾಟಕವಲ್ಲ. ನಿಜವನ್ನು ಪ್ರೇಕ್ಷಕರಿಗಷ್ಟೇ ಪಿಸುಗುಟ್ಟುವ ಅದರ ಸ್ವಗತಗಳು ಇಂದು ತುಸು ಹಳತೆನಿಸುತ್ತವೆ ಎಂಬುದೂ ಸರಿ. ಆದರೂ ಕಲಿಯಬೇಕಾದ ಪಾಠ ಅಲ್ಲಿದೆ.

ಸ್ವೀಡನ್ನಿನ ನಾಟಕಕಾರ ಸ್ಟ್ರಿಂಡ್‌ಬರ್ಗ್‌ನ 1889ರ ಏಕಾಂಕ ‘ದಿ ಸ್ಟ್ರಾಂಗರ್’ ಇನ್ನೊಂದು ದಾರಿ ಹಿಡಿಯುತ್ತದೆ. ಕ್ರಿಸ್‌ಮಸ್ ಹಿಂದಿನ ದಿನ ಕೆಫೆಯೊಂದರಲ್ಲಿ ಇಬ್ಬರು ನಟಿಯರು ಭೇಟಿಯಾಗುತ್ತಾರೆ, ಮಾತನಾಡುವವಳು ಒಬ್ಬಳೇ. ಗಂಡನಿಗೆಂದು ಟುಲಿಪ್ ಹೂವಿನ ಕಸೂತಿ ಹಾಕಿದ ಚಪ್ಪಲಿಯನ್ನು ತೋರಿಸುತ್ತಾ ಹರಟುವ ಆಕೆಗೆ, ಆ ಹೂವು ಎದುರು ಕುಳಿತವಳ ಮೆಚ್ಚಿನದು, ಗಂಡನ ಅಭಿರುಚಿಯೆಂದು ತಾನು ತಿಳಿದದ್ದೆಲ್ಲ ಇವಳಿಂದ ಬಂದದ್ದು ಎಂಬುದು ಮಾತಿನ ನಡುವೆಯೇ ಅರಿವಾಗುತ್ತದೆ. ಹಿಂದಿನ ಸಂಬಂಧವನ್ನು ಒಂದು ರಂಗಪರಿಕರ ಬಯಲು ಮಾಡುವ ಬಗೆ ಇದು. ನಿಮ್ಮ ಪಾಲುದಾರರ ನಡುವೆಯೂ ಒಂದು ಲೆಕ್ಕದ ಪುಸ್ತಕವೋ ಬೀಗದ ಕೈಯೋ ಇರಬಹುದಲ್ಲವೇ? ಅದು ಯಾರ ಬಳಿ ಉಳಿದಿದೆ ಎಂಬುದೇ ಅರ್ಧ ಕಥೆಯನ್ನು ಹೇಳಬಲ್ಲದು.

ಉತ್ತರ: ತಾಲೀಮಿನ ಮನೆ

ನೇಪಥ್ಯ ಅವರ ಮಾತಿಗೆ ಸೇರಿಸುವುದಾದರೆ, ಇಂಥ ಹಸ್ತಪ್ರತಿಗಳು ಸೋಲುವುದು ಹೆಚ್ಚಾಗಿ ನೆನಪಿನ ಭಾಗದಲ್ಲಿ ಅಲ್ಲ, ವರ್ತಮಾನದಲ್ಲಿ. ಇಬ್ಬರೂ ಇವತ್ತೇ ಏಕೆ ಭೇಟಿಯಾದರು, ಮಾತು ಕಹಿಯಾದ ಮೇಲೂ ಎದ್ದು ಹೋಗದಂತೆ ತಡೆದದ್ದು ಏನು ಎಂಬುದಕ್ಕೆ ಉತ್ತರವಿಲ್ಲದಿದ್ದರೆ ಎಂಥ ನಟರಿದ್ದರೂ ಹತ್ತು ನಿಮಿಷಗಳ ನಂತರ ನಾಟಕ ಸಡಿಲವಾಗುತ್ತದೆ. ಫ್ರೆಂಚ್ ಲೇಖಕಿ ಮಾರ್ಗರಿತ್ ದ್ಯುರಾಸ್ ಅವರ ನಾಟಕ ‘ಲಾ ಮ್ಯೂಸಿಕಾ’ (1965) ನೋಡಿ. ವಿಚ್ಛೇದನದ ಕೊನೆಯ ವಿಧಿ ಮುಗಿಸಲು ಬಂದ ದಂಪತಿ ಹೋಟೆಲೊಂದರಲ್ಲಿ ಉಳಿದಿದ್ದಾರೆ. ಹೇಳಬೇಕಾದದ್ದನ್ನೆಲ್ಲ ಆ ರಾತ್ರಿಯಲ್ಲೇ ಹೇಳಬೇಕು. 20 ವರ್ಷಗಳ ನಂತರ, 1985ರಲ್ಲಿ, ಲೇಖಕಿ ಅದೇ ಜೋಡಿಗೆ ಮರಳಿ ನಾಟಕವನ್ನು ಬೆಳೆಸಿದ್ದನ್ನು ನೋಡಿದರೆ ಆ ಒಂದು ರಾತ್ರಿಯಲ್ಲಿ ಎಷ್ಟು ಸರಕಿತ್ತೆಂದು ತಿಳಿಯುತ್ತದೆ.

“ನೆನಪಿದೆಯಾ” ಎಂಬ ಮಾತನ್ನು ಪೂರ್ತಿ ಕೈಬಿಡಬೇಕಿಲ್ಲ. ಒಬ್ಬ ಹಾಗೆ ಕೇಳಿದಾಗ ಇನ್ನೊಬ್ಬ “ಇಲ್ಲ” ಎಂದರೆ, ಅವನು ನಿಜವಾಗಿ ಮರೆತಿದ್ದಾನೋ ಮರೆತವನಂತೆ ನಟಿಸುತ್ತಿದ್ದಾನೋ ಎಂಬ ಅನುಮಾನವೇ ಮುಂದಿನ ಐದು ನಿಮಿಷಗಳನ್ನು ಹೊತ್ತುಕೊಂಡು ಹೋಗುತ್ತದೆ.

ಮರುಪ್ರಶ್ನೆ: ಹೊಸ ಬರಹಗಾರ

ಇಬ್ಬರಿಗೂ ಧನ್ಯವಾದಗಳು. ಅಂಗಡಿಯ ಬೀಗದ ಕೈಯನ್ನು ಖಂಡಿತ ತರುತ್ತೇನೆ. ಇನ್ನೊಂದು ಸಂದೇಹ: ಅವರು ಬೇರೆಯಾದ ನಿಜವಾದ ಕಾರಣವನ್ನು ಕೊನೆಯಲ್ಲಿ ಬಯಲು ಮಾಡಬೇಕೇ? ಒಬ್ಬ ಹಣ ಮುಚ್ಚಿಟ್ಟಿದ್ದ ಎಂಬುದನ್ನು ಕೊನೆಯ ತಿರುವಾಗಿ ಇಟ್ಟುಕೊಂಡಿದ್ದೇನೆ.

ಉತ್ತರ: ಎರಡನೆಯ ಸಾಲು

ಆ ತಿರುವು ನನಗೆ ಒಪ್ಪಿಗೆಯಿಲ್ಲ. ಗುಟ್ಟನ್ನು ಕೊನೆಗೆ ಇಟ್ಟರೆ ಪ್ರೇಕ್ಷಕರು ಗುಟ್ಟಿಗಾಗಿ ಕಾಯುತ್ತಾರೆ, ಪಾತ್ರಗಳನ್ನು ನೋಡುವುದಿಲ್ಲ. ಅದು ಮೂರನೆಯ ಒಂದು ಭಾಗದೊಳಗೇ ಹೊರಬೀಳಲಿ, ಉಳಿದ ಕಾಲವೆಲ್ಲ ಅದನ್ನು ಏನು ಮಾಡುವುದು ಎಂಬುದರ ಕುರಿತಾಗಿರಲಿ. ಅಮೆರಿಕದ ನಾಟಕಕಾರ ಡೇವಿಡ್ ಮ್ಯಾಮೆಟ್‌ನ ‘ರೀಯೂನಿಯನ್’ (1976) ಏಕಾಂಕದಲ್ಲಿ ಸುಮಾರು 20 ವರ್ಷಗಳ ನಂತರ ತಂದೆ, ಮಗಳು ಭೇಟಿಯಾಗುತ್ತಾರೆ. ತಂದೆಯ ಕುಡಿತದ ಕಥೆಯನ್ನು ಅಲ್ಲಿ ತಿರುವಾಗಿ ಬಚ್ಚಿಟ್ಟಿಲ್ಲ. ಎಲ್ಲ ಗೊತ್ತಾದ ಮೇಲೂ ಇಬ್ಬರಿಗೆ ಹೇಗೆ ಮಾತನಾಡಬೇಕೆಂದೇ ತಿಳಿಯದ ಮುಜುಗರ, ಸಣ್ಣ ಸಣ್ಣ ದೃಶ್ಯಗಳಲ್ಲಿ, ನಾಟಕವನ್ನು ನಡೆಸುತ್ತದೆ.

ಹಣದ ವಿಷಯದಲ್ಲಿ ಇಬ್ಬರಿಗೂ ಒಂದೊಂದು ಪೂರ್ಣವಾದ, ತನ್ನ ಮಟ್ಟಿಗೆ ನ್ಯಾಯವಾದ ಕಥೆಯಿರಲಿ. ಮುಚ್ಚಿಟ್ಟವನು ತಾನು ಅಂಗಡಿಯನ್ನೇ ಉಳಿಸಿದೆನೆಂದು ನಂಬಿರಬಹುದು. ತಾಲೀಮಿನ ಮೊದಲ ದಿನಗಳಲ್ಲಿ ಇಬ್ಬರು ನಟರೂ ತಮ್ಮ ಪಾತ್ರದ ಕಥೆಯನ್ನು ಬೇರೆಬೇರೆಯಾಗಿ ಬರೆದುಕೊಂಡು, ಒಬ್ಬರದನ್ನು ಇನ್ನೊಬ್ಬರಿಗೆ ತೋರಿಸದೆ ದೃಶ್ಯಕ್ಕೆ ಇಳಿಯಲಿ. ಎಲ್ಲಿ ಲೆಕ್ಕ ತಾಳೆಯಾಗದೆ ಮಾತು ತಡೆಯುತ್ತದೋ ಆ ಜಾಗಗಳನ್ನು ಗುರುತು ಮಾಡಿಕೊಂಡು, ಅಲ್ಲಿಂದ ಹಸ್ತಪ್ರತಿಯನ್ನು ತಿದ್ದಿ.