ಪಿ0733, ಪಿ0735 ಒಟ್ಟಿಗೆ ಬರ್ತಿದೆ: ಸೆನ್ಸರೋ, ಒಳಗಿನ ಕ್ಲಚ್ಚೋ?

ಘಾಟಿರಸ್ತೆ:
ಹ್ಯುಂಡೈ-ಕಿಯಾದ ಎ6ಜಿಎಫ್1 ಆರು ಗೇರಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್, ಪೆಟ್ರೋಲ್ ಗಾಡಿ, 1,10,000 ಕಿ.ಮೀ. ಏರಿನಲ್ಲಿ ಎರಡರಿಂದ ಮೂರಕ್ಕೆ ಹೋಗುವಾಗ ಆರ್‌ಪಿಎಂ ಮಾತ್ರ ಏರುತ್ತದೆ, ಎಳೆತ ಇಲ್ಲ. ಆಮೇಲೆ ಚೆಕ್ ಲೈಟ್, ಕೋಡ್ ಪಿ0733 ಮತ್ತು ಪಿ0735 (ಮೂರನೇ, ಐದನೇ ಗೇರಿನ ಅನುಪಾತ ತಪ್ಪು). ಪಿ0715 (ಇನ್‌ಪುಟ್ ಸ್ಪೀಡ್ ಸೆನ್ಸರಿನ ಕೋಡ್) ಬಂದಿಲ್ಲ, ಆದರೂ ಇನ್‌ಪುಟ್ ಸ್ಪೀಡ್ ಸೆನ್ಸರ್ ಹೊಸದು ಹಾಕಿದ್ದಾಯಿತು. ಎರಡೇ ದಿನಕ್ಕೆ ಅದೇ ಕೋಡ್. ಗೇರ್‌ಬಾಕ್ಸ್ ಇಳಿಸುವ ಮೊದಲು ಖಚಿತ ಮಾಡಿಕೊಳ್ಳುವುದು ಹೇಗೆ?

ಟರ್ಬೈನ್:
ಈ ಕೋಡ್ ಹುಟ್ಟುವುದು ಒಂದು ಲೆಕ್ಕದಿಂದ. ಔಟ್‌ಪುಟ್ ಸ್ಪೀಡನ್ನು ಆ ಗೇರಿನ ಅನುಪಾತದಿಂದ ಗುಣಿಸಿದರೆ ಇನ್‌ಪುಟ್, ಅಂದರೆ ಟರ್ಬೈನ್ ಸ್ಪೀಡ್ ಬರಬೇಕು. ಬರದಿದ್ದರೆ ಟಿಸಿಯು (ಗೇರ್‌ಬಾಕ್ಸಿನ ಕಂಪ್ಯೂಟರ್) ಕೋಡ್ ಹಾಕುತ್ತದೆ. ನಿಮ್ಮ ಬಾಕ್ಸಿನ ಅನುಪಾತಗಳು: 1ಕ್ಕೆ 4.400, 2ಕ್ಕೆ 2.726, 3ಕ್ಕೆ 1.834, 4ಕ್ಕೆ 1.392, 5ಕ್ಕೆ 1.000, 6ಕ್ಕೆ 0.774.

ಫ್ರೀಜ್ ಫ್ರೇಮ್ (ಕೋಡ್ ಬಂದ ಕ್ಷಣದ ಅಂಕಿಗಳು) ಬರೆದಿಟ್ಟುಕೊಂಡು ಕೋಡ್ ಅಳಿಸಿ. ಅಳಿಸದೆ ಹೋದರೆ ಗಾಡಿ ಲಿಂಪ್ ಮೋಡಿನಲ್ಲೇ (ದೋಷ ಕಂಡಾಗಿನ ರಕ್ಷಣಾ ಸ್ಥಿತಿ) ಒಂದು ಗೇರಿಗೆ ಕಚ್ಚಿಕೊಂಡಿರುತ್ತದೆ, ಅಳೆದದ್ದೆಲ್ಲ ದಂಡ. ಸ್ಕ್ಯಾನರಿನಲ್ಲಿ ಇಂಜಿನ್ ಆರ್‌ಪಿಎಂ, ಟರ್ಬೈನ್, ಔಟ್‌ಪುಟ್, ಕಮಾಂಡ್ ಗೇರ್, ಎಣ್ಣೆ ತಾಪಮಾನ ಐದನ್ನೂ ರೆಕಾರ್ಡಿಗೆ ಹಾಕಿ, ಮ್ಯಾನ್ಯುಯಲ್ ಮೋಡಿನಲ್ಲಿ ಒಂದೊಂದೇ ಗೇರ್ ಹಿಡಿದು ಓಡಿಸಿ. ಒಮ್ಮೆ ಸಮತಟ್ಟು ರಸ್ತೆ, ಒಮ್ಮೆ ಏರು. ಸ್ಕ್ರೀನ್ ನೋಡಲು ಪಕ್ಕದಲ್ಲಿ ಇನ್ನೊಬ್ಬರು ಇರಲೇಬೇಕು.

ಸೆನ್ಸರ್ ಅಥವಾ ವೈರಿಂಗ್ ಕೆಟ್ಟಿದ್ದರೆ ಅಂಕಿ ಥಟ್ಟನೆ ಸೊನ್ನೆಗೆ ಬೀಳುತ್ತದೆ, ಇಲ್ಲವೇ ಎಲ್ಲ ಗೇರಿನಲ್ಲೂ ತಪ್ಪು ತೋರಿಸುತ್ತದೆ. ಕ್ಲಚ್ ಜಾರುತ್ತಿದ್ದರೆ ಆಕ್ಸಿಲರೇಟರ್ ಒತ್ತಿದಷ್ಟೂ ಅನುಪಾತ ನಿಧಾನಕ್ಕೆ ಏರುತ್ತದೆ, ಬಿಟ್ಟರೆ ಸರಿಹೋಗುತ್ತದೆ. ಇಂಜಿನ್ನಿನಿಂದ ಗೇರ್‌ಬಾಕ್ಸಿಗೆ ಬಲ ದಾಟಿಸುವ ಟಾರ್ಕ್ ಕನ್ವರ್ಟರ್ ಮೇಲೆ ಅನುಮಾನ ಬೇಡ. ಅದು ಜಾರಿದರೆ ಇಂಜಿನ್ ಮತ್ತು ಟರ್ಬೈನ್ ನಡುವೆ ಅಂತರ ಹೆಚ್ಚುತ್ತದೆ, ಗೇರ್ ಅನುಪಾತ ಕೆಡುವುದಿಲ್ಲ.

ವಾಲ್ವ್‌ಬಾಡಿ:
ಕೋಡ್ ಜೋಡಿಯೇ ಅರ್ಧ ಉತ್ತರ ಹೇಳುತ್ತಿದೆ. ಈ ಬಾಕ್ಸಿನಲ್ಲಿ ಗೇರ್ ಹಿಡಿಯುವುದು ಎಣ್ಣೆ ಒತ್ತಡದಿಂದ ಕೂಡುವ ಪ್ಲೇಟಿನ ಕ್ಲಚ್, ಬ್ರೇಕ್‌ಗಳು: 1ರಿಂದ 4ರವರೆಗೆ ಯುಡಿ ಬ್ರೇಕ್, 4, 5, 6ಕ್ಕೆ ಓಡಿ ಕ್ಲಚ್, 2 ಮತ್ತು 6ಕ್ಕೆ 26 ಬ್ರೇಕ್. 3, 5 ಮತ್ತು ರಿವರ್ಸಿಗೆ 35ಆರ್ ಕ್ಲಚ್. ಯುಡಿ ಹೋಗಿದ್ದರೆ 1, 2, 4ರಲ್ಲೂ ಜಾರಬೇಕಿತ್ತು. ಓಡಿ ಹೋಗಿದ್ದರೆ 4 ಮತ್ತು 6 ಕೆಡಬೇಕಿತ್ತು. ಮೂರಕ್ಕೂ ಐದಕ್ಕೂ ಸಮಾನವಾಗಿರುವುದು 35ಆರ್ ಒಂದೇ. ರಿವರ್ಸ್ ಹೇಗಿದೆ, ನೀವು ಹೇಳಲೇ ಇಲ್ಲ?

ಘಾಟಿರಸ್ತೆ:
ನೋಡಿದೆ ಸರ್. ರಿವರ್ಸ್ ಹಾಕಿದ ಮೇಲೆ ಸುಮಾರು ಎರಡು ಸೆಕೆಂಡ್ ತಡೆದು ದಡ್ ಅಂತ ಹಿಡಿಯುತ್ತದೆ, ಡಿ ಕೂಡಲೇ ಹಿಡಿಯುತ್ತದೆ. ರೆಕಾರ್ಡಿಂಗ್ ಹೀಗಿದೆ:
3ನೇ ಗೇರ್, ಸಮತಟ್ಟು: ಟರ್ಬೈನ್ 2202, ಔಟ್‌ಪುಟ್ 1200.
3ನೇ ಗೇರ್, ಏರು: ಟರ್ಬೈನ್ 2640, ಔಟ್‌ಪುಟ್ 1210.
4ನೇ ಗೇರ್, ಅದೇ ಏರು: ಟರ್ಬೈನ್ 1810, ಔಟ್‌ಪುಟ್ 1300.
5ನೇ ಗೇರ್, ಭಾರದಲ್ಲಿ: ಟರ್ಬೈನ್ 2300, ಔಟ್‌ಪುಟ್ 2000.

ಟರ್ಬೈನ್:
ಏರಿನಲ್ಲಿ ಮೂರನೇ ಗೇರ್ 2.18ಕ್ಕೆ ಹೋಗಿದೆ, ಐದನೆಯದು 1.15. ಅದೇ ಏರಿನಲ್ಲಿ ನಾಲ್ಕನೆಯದು ಸರಿಯಾಗಿ 1.392. ಎರಡು ಸೆನ್ಸರೂ ಚೆನ್ನಾಗಿವೆ, ಹಳೆಯದೂ ಚೆನ್ನಾಗಿಯೇ ಇತ್ತು. ಜಾರುತ್ತಿರುವುದು 35ಆರ್. ಇನ್ನು ತಿಳಿಯಬೇಕಾದದ್ದು ಪ್ಲೇಟ್ ಸವೆದಿದೆಯೋ, ಅಲ್ಲಿಗೆ ಒತ್ತಡವೇ ಸಾಲುತ್ತಿಲ್ಲವೋ ಎಂಬುದು.

ಮೊದಲು ಎಣ್ಣೆ ಮಟ್ಟ. ಇದಕ್ಕೆ ಡಿಪ್‌ಸ್ಟಿಕ್ ಇಲ್ಲ. ಗಾಡಿ ಸಮವಾಗಿ ಎತ್ತಿ, ಮೇಲಿನ ರಂಧ್ರದಿಂದ 700 ಮಿ.ಲೀ. ಎಸ್‌ಪಿ-4 ಗೇರ್‌ಬಾಕ್ಸ್ ಎಣ್ಣೆ ಹಾಕಿ, ಇಂಜಿನ್ ಚಾಲೂ ಮಾಡಿ ಎಣ್ಣೆ 50ರಿಂದ 60 ಡಿಗ್ರಿ ಆಗುವವರೆಗೆ ಬಿಡಿ. ಬ್ರೇಕ್ ಒತ್ತಿ ಪಿ-ಯಿಂದ ಡಿ-ಗೆ, ಮತ್ತೆ ಪಿ-ಗೆ ಎರಡು ಸಲ ನಿಧಾನಕ್ಕೆ ತನ್ನಿ, ಪ್ರತಿ ಸ್ಥಾನದಲ್ಲೂ ಎರಡು ಸೆಕೆಂಡಿಗಿಂತ ಹೆಚ್ಚು ನಿಲ್ಲಿಸಿ. ಆಮೇಲೆ ಇಂಜಿನ್ ಓಡುತ್ತಿರುವಾಗಲೇ ಲೆವೆಲ್ ಪ್ಲಗ್ ಬಿಚ್ಚಿ. ಹೆಚ್ಚಿನ ಎಣ್ಣೆ ಸುರಿದು ಹೋಗಿ ಸಣ್ಣ ಧಾರೆ ಉಳಿದಾಗ ಪ್ಲಗ್ ಮುಚ್ಚಿ. ಏನೂ ಬರಲಿಲ್ಲವೆಂದರೆ ಎಣ್ಣೆ ಕಡಿಮೆ ಇತ್ತು ಎಂದರ್ಥ.

ಬಂದ ಎಣ್ಣೆಯನ್ನು ಬಿಳಿ ಬಟ್ಟೆಯ ಮೇಲೆ ಎರಡು ಹನಿ ಬಿಟ್ಟು ನೋಡಿ. ಕಪ್ಪಗಿದ್ದು ಸುಟ್ಟ ವಾಸನೆ ಬಂದು, ಉಜ್ಜಿದರೆ ಮಸಿಯಂಥ ಪುಡಿ ಸಿಕ್ಕರೆ ಪ್ಲೇಟ್ ಲೈನಿಂಗ್ ಹೋಗಿದೆ. ಆಗ ಎಣ್ಣೆ ಬದಲಿಸಿದರೆ ಏನೂ ಆಗಲ್ಲ.

ವಾಲ್ವ್‌ಬಾಡಿ:
ಎಣ್ಣೆ ಚೆನ್ನಾಗಿದ್ದರೆ ನನ್ನ ಸಲಹೆ ವಾಲ್ವ್ ಬಾಡಿ (ಕ್ಲಚ್ಚುಗಳಿಗೆ ಎಣ್ಣೆ ಹಂಚುವ ಭಾಗ) ಕಡೆ ಹೋಗಿ. ಬಾಕ್ಸ್ ಇಳಿಸದೆಯೇ ಕವರ್ ತೆಗೆದು ಬಿಚ್ಚಬಹುದು. 35ಆರ್ ಸೊಲೆನಾಯ್ಡಿನ (ಎಣ್ಣೆ ಒತ್ತಡ ನಿಯಂತ್ರಿಸುವ ವಿದ್ಯುತ್ ವಾಲ್ವ್) ಓಮ್ ಅಳೆದು ಅದೇ ಜಾತಿಯ ಪಕ್ಕದ ಸೊಲೆನಾಯ್ಡುಗಳ ಜೊತೆ ಹೋಲಿಸಿ. ಓಮ್ ಸರಿಯಿದ್ದ ಮಾತ್ರಕ್ಕೆ ಸೊಲೆನಾಯ್ಡ್ ಪಾಸಾಯಿತು ಅಂದುಕೊಳ್ಳಬೇಡಿ, ಒಳಗೆ ಕಸ ಕೂತು ಸಿಕ್ಕಿಹಾಕಿಕೊಂಡಿರಬಹುದು.

ನಂತರ ಕೇಸಿನಲ್ಲಿ 35ಆರ್‌ಗೆ ಎಣ್ಣೆ ಹೋಗುವ ರಂಧ್ರಕ್ಕೆ ನೀರಿನಂಶವಿಲ್ಲದ ಗಾಳಿ ಬಿಡಿ, 40 ಪಿಎಸ್‌ಐ ಸಾಕು. ಯಾವ ರಂಧ್ರ ಎಂಬುದನ್ನು ಸರ್ವಿಸ್ ಮ್ಯಾನ್ಯುಯಲ್ ಚಿತ್ರ ನೋಡಿಯೇ ಗುರುತಿಸಿ. ಪಿಸ್ಟನ್ ಟಪ್ ಎಂದು ಕೂತರೆ ಸೀಲ್ ಚೆನ್ನಾಗಿದೆ, ತಪ್ಪು ವಾಲ್ವ್ ಬಾಡಿಯದೇ ಇರುವ ಸಾಧ್ಯತೆ ಹೆಚ್ಚು. ಬುಸ್ ಎಂದು ಗಾಳಿ ಸೋರುತ್ತಲೇ ಇದ್ದರೆ ಪಿಸ್ಟನ್ ಸೀಲ್ ಅಥವಾ ಸೀಲ್ ರಿಂಗ್ ಹೋಗಿದೆ, ಬಾಕ್ಸ್ ಇಳಿಸಲೇಬೇಕು.

ಕೂಲಂಟ್‌ಕೆಂಪು:
ಒಂದು ಸೇರಿಸುತ್ತೇನೆ. ಎಟಿಎಫ್ (ಗೇರ್‌ಬಾಕ್ಸ್ ಎಣ್ಣೆ) ಕೂಲರ್ ರೇಡಿಯೇಟರ್ ಟ್ಯಾಂಕಿನೊಳಗೇ ಇದ್ದರೆ ಎಣ್ಣೆ ಗುಲಾಬಿ ಬಣ್ಣದ ಹಾಲಿನಂತಿದೆಯೇ ನೋಡಿ. ಹಾಗಿದ್ದರೆ ಕೂಲಂಟ್ ಸೇರಿದೆ, ಪ್ಲೇಟಿನ ಲೈನಿಂಗ್ ಅಂಟು ಬಿಡುತ್ತದೆ. ರೇಡಿಯೇಟರ್ ಬದಲಿಸದೆ ಬಾಕ್ಸ್ ರಿಪೇರಿ ಮಾಡಿಸಿದರೆ ಹೊಸ ಪ್ಲೇಟೂ ಹಾಳಾಗುತ್ತದೆ. ಯಾವ ರಿಪೇರಿ ಆದರೂ ಕೊನೆಗೆ ಸ್ಕ್ಯಾನರಿನಲ್ಲಿ ಟಿಸಿಯು ಲರ್ನಿಂಗ್ ರಿಸೆಟ್ ಮಾಡಿಸಿ, ಸವೆದ ಕ್ಲಚ್ಚಿಗೆ ಅದು ಕಲಿತಿದ್ದ ಒತ್ತಡ ಹಾಗೇ ಉಳಿದರೆ ಶಿಫ್ಟ್ ಒರಟಾಗುತ್ತದೆ.

ಘಾಟಿರಸ್ತೆ:
ಎಣ್ಣೆ ಮಟ್ಟ ಸರಿಯಿದೆ, ಬಣ್ಣ ಕಂದು, ಬಟ್ಟೆಯಲ್ಲಿ ಪುಡಿ ಇಲ್ಲ, ಹಾಲಿನಂತೆಯೂ ಇಲ್ಲ. ಸೋಮವಾರ ವಾಲ್ವ್ ಬಾಡಿ ಕವರ್ ತೆಗೆಸಿ ಗಾಳಿ ಪರೀಕ್ಷೆ ಮಾಡಿಸುತ್ತೇನೆ, ಏನಾಯಿತು ಅಂತ ಇಲ್ಲೇ ಬರೆಯುತ್ತೇನೆ.