ಅಪ್‌ಡೇಟ್: ಗುಟ್ಟಾಗಿ ಕೇಳೋ ಕ್ವೆರಿ ಕೊನೆಗೂ ಓಡ್ತು

ಕೋಲಾರ ಎಪಿಎಂಸಿ ಟೊಮೆಟೊ ರೇಟಿನ ಟೇಬಲ್ಲಲ್ಲಿ ನಾನು ಯಾವ ಸಾಲು ಕೇಳಿದೆ ಅಂತ ಸರ್ವರ್‌ಗೇ ತಿಳಿಯಬಾರದು, ಆದ್ರೆ ಹಾಗೆ ಕೇಳಿದ್ರೆ ಉತ್ತರ ಬರೋದು ಆಮೆ ನಡಿಗೆಯಲ್ಲಿ, ಏನು ಮಾಡ್ಲಿ ಅಂತ ಕೇಳಿದ್ದೆನಲ್ಲ? ಜಿಪಿಯುಗೆ (ಒಟ್ಟೊಟ್ಟಿಗೆ ಸಾವಿರಾರು ಲೆಕ್ಕ ಮಾಡೋ ಗ್ರಾಫಿಕ್ಸ್ ಕಾರ್ಡಿಗೆ) ಹಾಕಿ ಅಂದ್ರಿ, ಹಾಕ್ದೆ. ಇನ್ನೂ ನಿಧಾನ ಆಯ್ತು! ತಪ್ಪು ನಂದೇ: ಪ್ರತಿ ಕ್ವೆರಿಗೂ ಇಡೀ ಟೇಬಲ್ಲನ್ನ ಕಾರ್ಡಿಗೆ ಹೊತ್ತು ಹಾಕ್ತಿದ್ದೆ. ಈಗ ಅದು ಕಾರ್ಡಿನ ಮೆಮೊರಿಯಲ್ಲೇ ಕೂತಿದೆ.

ಉತ್ತರ ಲೆಕ್ಕ ಹಾಕುವಾಗ ಒಂದು ಸಾಲು ಬಿಟ್ಟರೂ ‘ಇದು ಬೇಡದ್ದು’ ಅಂತ ಸರ್ವರ್‌ಗೆ ಸುಳಿವು ಸಿಗುತ್ತೆ, ಹಾಗಾಗಿ ಎಲ್ಲವನ್ನೂ ಮುಟ್ಟಲೇಬೇಕು. ಹೀಗೆ ಗುಟ್ಟಾಗಿ ಕೇಳೋಕೆ ಒಂದೇ ಸರ್ವರ್ ಸಾಕು ಅಂತ 1997ರಲ್ಲಿ ಕುಶಿಲೆವಿಟ್ಜ್, ಒಸ್ಟ್ರೋವ್ಸ್ಕಿ ಅನ್ನೋ ಸಂಶೋಧಕರು ತೋರಿಸಿದಾಗಿಂದ ಇದೇ ತಲೆನೋವು. ಆದ್ರೆ 32 ಕ್ವೆರಿ ಒಟ್ಟಿಗೆ ಕೊಟ್ಟರೆ ಟೇಬಲ್ಲನ್ನ ಒಂದೇ ಸಲ ಓದಿ ಎಲ್ಲಕ್ಕೂ ಉತ್ತರ. ಬರೀ ಮ್ಯಾಟ್ರಿಕ್ಸ್ ಗುಣಾಕಾರ, ಜಿಪಿಯುಗೆ ಹಬ್ಬದೂಟ.

ಒಂದೇ ಕಿರಿಕಿರಿ: ನಮ್ಮೂರ ಪ್ರೈವೇಟ್ ಬಸ್ಸಿನ ಥರ, ಸೀಟು ತುಂಬೋವರೆಗೂ, ಅಂದ್ರೆ 32 ಕ್ವೆರಿ ಸೇರೋವರೆಗೂ, ಹೊರಡಲ್ಲ.