ಸಹಾಯ ಬೇಕು: ಕ್ಯಾಂಪರ್ ಟ್ರೇಲರ್‌ನ ಫ್ರಿಜ್ ಗೂಡಿನಲ್ಲಿ ಬಿಸಿಗಾಳಿ ಕಟ್ಟಿಕೊಳ್ಳುತ್ತಿದೆ

ಎಲ್ಲರಿಗೂ ನಮಸ್ಕಾರ. ವಾಹನದ ಹಿಂದೆ ಕಟ್ಟಿ ಎಳೆದೊಯ್ಯುವ, ಮಲಗಲು ಜಾಗವಿರುವ ನಮ್ಮ ಸಣ್ಣ ಕ್ಯಾಂಪರ್ ಟ್ರೇಲರ್‌ನಲ್ಲಿ 12 ವೋಲ್ಟ್‌ನ, ಕಂಪ್ರೆಸರ್ ಇರುವ 40 ಲೀಟರ್ ಪೋರ್ಟಬಲ್ ಫ್ರಿಜ್ಜನ್ನು ಪ್ಲೈವುಡ್ ಗೂಡಿನೊಳಗೆ ಕೂರಿಸಿದ್ದೇನೆ. ಗೂಡು ಮಾಡುವಾಗ ಫ್ರಿಜ್ಜಿನ ಅಳತೆಯನ್ನಷ್ಟೇ ನೋಡಿ, ಅದು ಉಸಿರಾಡಲು ಬೇಕಾದ ಜಾಗವನ್ನು ಮರೆತದ್ದು ನನ್ನದೇ ತಪ್ಪು. ಗಾಳಿ ಕಿಂಡಿಗಳಿರುವ ಬದಿಗೂ ಹಲಗೆಗೂ ನಡುವೆ ಈಗ ಎರಡು ಬೆರಳು ತೂರುವಷ್ಟೇ ಸಂದು ಉಳಿದಿದೆ.

ಮಧ್ಯಾಹ್ನದ ಬಿಸಿಲಿನಲ್ಲಿ ಬಾಗಿಲು ಮುಚ್ಚಿದರೆ ಗೂಡಿನ ಉಷ್ಣತೆ 50 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ, ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತದೆ, ಬ್ಯಾಟರಿ ಬೆಳಗಿನವರೆಗೆ ಬಾಳುವುದಿಲ್ಲ. ಹೊರಹಾಕುವ ಕಿಂಡಿಯ ಬಳಿ ನೂಲಿನ ಎಳೆಯೊಂದನ್ನು ಹಿಡಿದು ನೋಡಿದೆ. ಅದು ಹಲಗೆಯ ಕಡೆಗೆ ಹಾರಿ, ಬಾಗಿ, ಒಳಗೆಳೆಯುವ ಕಿಂಡಿಯತ್ತಲೇ ತಿರುಗಿತು. ಎಂದರೆ ಫ್ರಿಜ್ ತಾನು ಬಿಟ್ಟ ಬಿಸಿಗಾಳಿಯನ್ನೇ ಮತ್ತೆ ಸೇವಿಸುತ್ತಿದೆ.

ಬಿಸಿಗಾಳಿ ಮೇಲಕ್ಕೇರುವುದರಿಂದ ತಂಪುಗಾಳಿಗೆ ಕೆಳಗೊಂದು, ಬಿಸಿಗಾಳಿಗೆ ಮೇಲೊಂದು ಕಿಂಡಿ ಕೊರೆದು, ಮೇಲಿನದಕ್ಕೆ ಕಂಪ್ಯೂಟರಿನಲ್ಲಿ ಬಳಸುವಂಥ 120 ಮಿಲಿಮೀಟರ್ ಫ್ಯಾನ್ ಜೋಡಿಸಿ, ಎರಡು ಹರಿವುಗಳ ನಡುವೆ ತೆಳುಹಲಗೆಯ ತಡೆ ಹಾಕಬೇಕೆಂದಿದ್ದೇನೆ. ಆದರೆ ಕಿಂಡಿಗಳನ್ನು ಹೊರಗೋಡೆಗೆ ಕೊರೆದರೆ ಮಣ್ಣುರಸ್ತೆಯ ಧೂಳು ಒಳನುಗ್ಗುತ್ತದೆ. ಜಾಲರಿ, ಸ್ಪಂಜು ಹಾಕಿದರೆ ಗಾಳಿಯೇ ಕಡಿಮೆಯಾಗುತ್ತದೆ. ಮಲಗುವ ಜಾಗದತ್ತ ತೆರೆದರೆ ರಾತ್ರಿಯಿಡೀ ಸೆಕೆ ಮತ್ತು ಸದ್ದು.

ಇಂಥ ಗೂಡನ್ನು ಸರಿಪಡಿಸಿದವರು ಕಿಂಡಿಗಳನ್ನು ಎಲ್ಲಿ, ಎಷ್ಟು ದೊಡ್ಡದಾಗಿ ಕೊರೆದಿರಿ, ಫ್ಯಾನ್ ಗಾಳಿಯನ್ನು ಒಳಗೆ ತಳ್ಳಬೇಕೇ ಹೊರಗೆ ಎಳೆಯಬೇಕೇ, ಅದಕ್ಕೆ ಥರ್ಮೋಸ್ಟಾಟ್ ಸ್ವಿಚ್ (ಬಿಸಿ ಏರಿದಾಗ ಮಾತ್ರ ಫ್ಯಾನ್ ಓಡಿಸುವ ಸ್ವಿಚ್) ಅಗತ್ಯವೇ ಎಂಬುದನ್ನು ದಯವಿಟ್ಟು ತಿಳಿಸಿ. ಒಮ್ಮೆ ಗರಗಸ ಇಟ್ಟ ಗೋಡೆಯನ್ನು ಮತ್ತೆ ಮುಚ್ಚುವುದು ಕಷ್ಟವಾದ್ದರಿಂದ ನಿಮ್ಮ ಉತ್ತರಕ್ಕಾಗಿ ಕಾಯುತ್ತೇನೆ.